ಕಿವಿಯೊಳಗಿನ ಮೇಷ್ಟ್ರು

"ಇನ್ನೂ ಸ್ವಲ್ಪ ಎಡಕ್ಕೆ, ಅಕ್ಕ. ತಲೆ ಕಂಬದ ಕಡೆ ಇರಲಿ. ಹಾಂ, ಅಷ್ಟೇ. ಹಾಗೇ ಬಿದ್ದಿದ್ದ."

ಬಾವುಟದಕ್ಕ ಒದ್ದೆ ಹುಲ್ಲಿನ ಮೇಲೆ ಅಂಗಾತ ಮಲಗಿದಳು. ಬೆನ್ನಿಗೆ ತಣ್ಣನೆಯ ನೀರು ಇಳಿಯಿತು. ತಲೆಯ ಮೇಲೆ ಗೋಲಿನ ಬಲೆ, ಅದರಾಚೆ ಮಂಜು. ಮಧ್ಯಾಹ್ನವಾಗಿದ್ದರೂ ಮಂಜು ಕರಗಿರಲಿಲ್ಲ. ಖಾಲಿ ಗ್ಯಾಲರಿಗಳು ಅರ್ಧದವರೆಗೆ ಮಾತ್ರ ಕಾಣುತ್ತಿದ್ದವು. ಉಳಿದರ್ಧವನ್ನು ಯಾರೋ ಅಂಗೈಯಿಂದ ಒರೆಸಿ ಹಾಕಿದಂತಿತ್ತು.

ಭಾನುವಾರ ಇದೇ ಜಾಗದಲ್ಲಿ ಬಿದ್ದ ಗೋಲ್‌ಕೀಪರ್ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಅವನು ಬಿದ್ದರೂ ಸೀಟಿ ಊದದೆ ಆಟ ಮುಂದುವರಿಸಿದ ರೆಫರಿ ಅಕ್ಕನ ಒಡಹುಟ್ಟಿದ ತಮ್ಮ. ನಾಳೆ ಬೆಳಿಗ್ಗೆ ಫುಟ್‌ಬಾಲ್ ಲೀಗಿನ ವಿಚಾರಣೆ. ಅಷ್ಟರೊಳಗೆ ಏನಾದರೂ ಸಿಗಬೇಕು. ಸಿಗದಿದ್ದರೆ ತಮ್ಮನ ಕೈಯಿಂದ ಸೀಟಿ ಹೋಗುವುದಷ್ಟೇ ಅಲ್ಲ, ಕೈಗೆ ಬೇಡಿಯೂ ಬರುತ್ತದೆ. ಮನೆ ಬಾಗಿಲ ಮೇಲೆ ಯಾರೋ ಆಗಲೇ ಕೆಂಪು ಬಣ್ಣದಲ್ಲಿ 'ಕೊಲೆಗಾರ' ಎಂದು ಬರೆದು ಹೋಗಿದ್ದರು. ಕೀಪರ್ ಇನ್ನೂ ಉಸಿರಾಡುತ್ತಿದ್ದ. ಬರೆದವರಿಗೆ ಅಷ್ಟು ತಾಳ್ಮೆ ಇರಲಿಲ್ಲ.

"ನೀನು ನಿಂತಿದ್ದು ಅಲ್ಲೇನಾ?"

"ಇಲ್ಲೇ. ಒಂದು ಹೆಜ್ಜೆ ಆಚೆ ಈಚೆ ಇರಬಹುದು."

"ನನ್ನ ಕೈ ಕಾಣ್ತಿದೆಯಾ?"

"ಕಾಣ್ತಿದೆ."

"ಅವನದ್ದು?"

ಅಕ್ಕ ಕತ್ತು ಎತ್ತಿ ನೋಡಿದಳು. ತಮ್ಮ ತನ್ನ ಬೂಟುಗಳನ್ನು ನೋಡುತ್ತಿದ್ದ.

"ಕಾಣ್ತಿತ್ತು," ಎಂದ ಕೊನೆಗೆ. "ಎರಡೂ ಅಂಗೈ ಮೇಲಕ್ಕೆ ಇದ್ವು. ಬಿಚ್ಚಿಕೊಂಡಿದ್ವು."

ಬಿದ್ದವನ ಮುಖ ನೋಡಬೇಡ, ಸುಳ್ಳು ಹೇಳುವುದು ಮುಖಕ್ಕೆ ಚೆನ್ನಾಗಿ ಗೊತ್ತು, ಕೈ ನೋಡು. ಇದು ಇಬ್ಬರಿಗೂ ರೆಫರಿ ಕೆಲಸ ಹೇಳಿಕೊಟ್ಟ ಮೇಷ್ಟ್ರು ಕಲಿಸಿದ ಮೊದಲ ಪಾಠ. ನಾಟಕ ಆಡುವವನ ಕೈ ಖಾಲಿ ಇರುವುದಿಲ್ಲ. ಮೊಣಕಾಲನ್ನೋ ಕೆನ್ನೆಯನ್ನೋ ಹಿಡಿದುಕೊಂಡು, ಬೆರಳ ಸಂದಿಯಿಂದ ಒಂದು ಕಣ್ಣನ್ನು ರೆಫರಿಯ ಜೇಬಿನ ಮೇಲೆ ಇಟ್ಟಿರುತ್ತಾನೆ. ನಿಜವಾಗಿ ಎಚ್ಚರ ತಪ್ಪಿದವನ ಕೈ ಮಾತ್ರ ಏನನ್ನೂ ಹಿಡಿಯುವುದಿಲ್ಲ.

"ಅಷ್ಟು ಕಂಡಮೇಲೂ ಯಾಕೋ ಊದಲಿಲ್ಲ?"

"ಸೀಟಿ ಬಾಯಲ್ಲೇ ಇತ್ತು ಅಕ್ಕ. ಹಲ್ಲಲ್ಲಿ ಕಚ್ಚಿಕೊಂಡಿದ್ದೆ."

ಅವನು ಇನ್ನೇನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮಂಜಿನೊಳಗಿಂದ ಸಾವಿರಾರು ಜನ ಒಟ್ಟಿಗೇ ಕೂಗಿದರು.

ಅಕ್ಕ ದಡಕ್ಕನೆ ಎದ್ದು ಕುಳಿತಳು. ಗ್ಯಾಲರಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಕೂಗು ಮಾತ್ರ ಏರುತ್ತಿತ್ತು, ಇಳಿಯುತ್ತಿತ್ತು, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಅಲೆಯಂತೆ ಉರುಳುತ್ತಿತ್ತು. ಖಾಲಿ ಕುರ್ಚಿಗಳ ಸಾಲು ಸಾಲು ಎದ್ದು ನಿಂತು ಕೂಗುತ್ತಿರುವಂತೆ.

ಧ್ವನಿವರ್ಧಕ. ಬೇರೆ ಊರಿನ ಮೈದಾನಕ್ಕೆ ಹೋಗುವ ಮೊದಲು ಆಟಗಾರರಿಗೆ ಗದ್ದಲ ರೂಢಿಯಾಗಲಿ ಎಂದು ಕ್ಲಬ್ಬಿನವರು ಜನರ ಕೂಗನ್ನು ಮುದ್ರಿಸಿಕೊಂಡು ಅಭ್ಯಾಸದ ಹೊತ್ತಿನಲ್ಲಿ ಹಾಕುತ್ತಾರೆ. ಅದು ಅವಳಿಗೆ ಗೊತ್ತಿತ್ತು. ಆದರೆ ಇವತ್ತು ಮೈದಾನದಲ್ಲಿ ಅಭ್ಯಾಸ ಮಾಡುವವರೇ ಇರಲಿಲ್ಲ. ಈ ಗದ್ದಲ ಯಾರಿಗೆ?

ಕೂಗು ನಿಧಾನವಾಗಿ ನಗುವಾಯಿತು. ಒಬ್ಬನ ನಗುವಲ್ಲ, ಒಂದು ಊರೇ ಹೊಟ್ಟೆ ಹಿಡಿದುಕೊಂಡು ನಕ್ಕ ನಗು. ಅದರ ನಡುವೆ ಒಂದು ಗಂಟಲು ಸ್ಪಷ್ಟವಾಗಿ ಎದ್ದಿತು: "ಏಳೋ ಹಾಸಿಗೆ, ಬೆಳಗಾಯ್ತು." ನಗು ಇಮ್ಮಡಿಸಿತು.

ಇದು ಭಾನುವಾರದ್ದೇ. ಕಿಕ್ಕಿರಿದ ಮೈದಾನವೆಂದು ಕ್ಲಬ್ಬು ಇದನ್ನೇ ಮುದ್ರಿಸಿ ಇಟ್ಟುಕೊಂಡಿದೆ. ಈ ನಗು ಹೊಮ್ಮಿದ ಗಳಿಗೆಯಲ್ಲಿ ಒಬ್ಬ ಮನುಷ್ಯ, ಅವಳು ಈಗ ಕುಳಿತಿರುವ ಹುಲ್ಲಿನ ಮೇಲೆ, ಅಂಗೈ ತೆರೆದು ಬಿದ್ದಿದ್ದ.

ಹಾಸಿಗೆ ಎಂಬ ಹೆಸರು ಅವನಿಗೆ ಸುಮ್ಮನೆ ಬಂದದ್ದಲ್ಲ. ಗಾಯಗೊಂಡು ಮೈದಾನದಲ್ಲಿ ಚಿಕಿತ್ಸೆ ಪಡೆದ ಆಟಗಾರ ಗೆರೆಯಾಚೆ ಹೋಗಿ ರೆಫರಿಯ ಅನುಮತಿಗೆ ಕಾಯಬೇಕು, ಅಷ್ಟು ಹೊತ್ತು ತಂಡಕ್ಕೆ ಒಬ್ಬ ಕಡಿಮೆ. ಕೀಪರ್‌ಗೆ ಮಾತ್ರ ಈ ನಿಯಮವಿಲ್ಲ. ಅದಕ್ಕೇ ಕೋಚ್ ಅವನನ್ನು ಆರಿಸಿಕೊಂಡಿದ್ದ. ತಂಡ ಸುಸ್ತಾದಾಗ, ದಿಕ್ಕು ತಪ್ಪಿದಾಗ ಕೋಚ್ ತಲೆಯ ಟೋಪಿಯನ್ನು ಹಿಂದುಮುಂದು ಮಾಡುತ್ತಿದ್ದ. ಕೀಪರ್ ತೊಡೆ ಹಿಡಿದು ಮಲಗುತ್ತಿದ್ದ. ವೈದ್ಯ ಓಡಿ ಬಂದು ತಣ್ಣನೆಯ ಸ್ಪ್ರೇ ಹೊಡೆಯುವಷ್ಟರಲ್ಲಿ ಮಿಕ್ಕವರು ಗೆರೆಯ ಬಳಿ ಸೇರಿ ಕೋಚ್‌ನ ಮಾತು ಕೇಳಿಸಿಕೊಂಡು, ನೀರು ಕುಡಿದು ಬರುತ್ತಿದ್ದರು. ದೇಶವೆಲ್ಲ ಬಲ್ಲ ಗುಟ್ಟು. ಬೈಗುಳ ಮಾತ್ರ ಮಲಗಿದವನಿಗೆ. ಮಲಗಿಸಿದವನಿಗೆ ವರ್ಷದ ಪ್ರಶಸ್ತಿ.

"ನಿಲ್ಲಿಸೋಕೆ ಹೇಳು ಅಕ್ಕ," ತಮ್ಮ ಎರಡೂ ಕಿವಿ ಮುಚ್ಚಿಕೊಂಡಿದ್ದ. "ದಯವಿಟ್ಟು ಯಾರಿಗಾದ್ರೂ ಹೇಳು."

ಅಕ್ಕ ಎದ್ದು ಅವನ ಕೈಗಳನ್ನು ಹಿಡಿದು ಕೆಳಗಿಳಿಸಿದಳು. "ಮೊದಲು ನೀನು ಹೇಳು. ಸೀಟಿ ಬಾಯಲ್ಲಿತ್ತು. ಆಮೇಲೆ?"

"ನಗಬಾರದು."

"ನಗೋರು ಅಲ್ಲಿದ್ದಾರೆ, ನಾನಲ್ಲ."

"ಕಿವೀಲಿ ಮೇಷ್ಟ್ರು ಮಾತಾಡಿದ್ರು."

ಧ್ವನಿವರ್ಧಕದ ನಗು ಆ ಕ್ಷಣಕ್ಕೆ ತಗ್ಗಿತು. ಅಕ್ಕ ತಮ್ಮನ ಕಣ್ಣುಗಳನ್ನೇ ದಿಟ್ಟಿಸಿದಳು. ಮೇಷ್ಟ್ರು ಹೋಗಿ ಒಂದು ಚಳಿಗಾಲ ಕಳೆದಿತ್ತು. ಅಕ್ಕ ತಮ್ಮ ಇಬ್ಬರೂ ಹೋಗಿ ಹಿಡಿ ಮಣ್ಣು ಹಾಕಿ ಬಂದಿದ್ದರು.

"ಏನಂದ್ರು?"

"ಆಟ ನಡೀಲಿ ಅಂದ್ರು. ಅವರದ್ದೇ ದನಿ. ಮಾತಿಗೆ ಮುಂಚೆ ಗಂಟಲು ಸರಿ ಮಾಡ್ಕೋತಿದ್ರಲ್ಲ, ಅದೂ ಇತ್ತು. ಕೀಪರ್ ಬಿದ್ದ, ನಾನು ಉಸಿರು ತಗೊಂಡೆ, ಊದಬೇಕು ಅನ್ನೋವಾಗ ಆ ದನಿ. ಕೈ ತಾನಾಗೇ ಮುಂದಕ್ಕೆ ಹೋಯ್ತು. ನಾನು ಯೋಚನೆ ಮಾಡ್ಲಿಲ್ಲ ಅಕ್ಕ. ನಮ್ಮನ್ನ ಯೋಚನೆ ಮಾಡೋಕೆ ಬೆಳೆಸಿದ್ರಾ ಅವರು?"

ಬೇರೆ ಯಾರೇ ಹೇಳಿದ್ದರೂ ಅಕ್ಕ ನಂಬುತ್ತಿರಲಿಲ್ಲ. ಆದರೆ ಅವಳೂ ಆ ಕೋಣೆಯಲ್ಲಿ ಕುಳಿತವಳು. ಹಳೆಯ ಶಾಲೆಯೊಂದರ ಹಿಂದಿನ ಕೋಣೆ, ಕಿಟಕಿಗಳಿಗೆ ಕಪ್ಪು ಬಟ್ಟೆ, ಗೋಡೆಯ ಮೇಲೆ ಬೀಳುವವರ ಚಿತ್ರಗಳು. ಬೀಳುತ್ತಾನೆ, ಮತ್ತೆ ಬೀಳುತ್ತಾನೆ, ಮತ್ತೊಬ್ಬ ಬೀಳುತ್ತಾನೆ. ಎಲ್ಲರ ಕಿವಿಯಲ್ಲೂ ಪುಟ್ಟ ಇಯರ್‌ಪೀಸ್, ಅದರಲ್ಲಿ ಮೇಷ್ಟ್ರ ದನಿ. 'ನಿಲ್ಲಿಸು' ಎಂದರೆ ಸೀಟಿ. 'ಆಟ ನಡೀಲಿ' ಎಂದರೆ ತೋಳು ಮುಂದಕ್ಕೆ. ತಲೆ ತಲುಪುವ ಮೊದಲು ಮಾತು ಕೈ ತಲುಪಬೇಕು ಎನ್ನುತ್ತಿದ್ದರು ಅವರು. ವರ್ಷಗಟ್ಟಲೆ ಹಾಗೇ ತಿದ್ದಿದರು. ಇವತ್ತಿಗೂ ಆ ದನಿ ಕೇಳಿದರೆ ತನ್ನ ಕೈಯೂ ಏಳುತ್ತದೆ ಎಂಬುದು ಅಕ್ಕನಿಗೆ ಗೊತ್ತಿತ್ತು.

ಅಂದರೆ, ಈ ವಿಷಯ ಬಲ್ಲ ಯಾರಾದರೂ ಆ ದನಿಯನ್ನು ಹಗ್ಗದಂತೆ ಎಳೆಯಬಹುದು.

"ಬೇರೆ ಮೂವರು? ಗೆರೆಯವರಿಬ್ಬರು, ಹೊರಗೆ ನಿಂತ ನಾಲ್ಕನೆಯವನು? ಅವರ ಕಿವೀಲೂ ಅದೇ ರೇಡಿಯೊ ಅಲ್ವಾ?"

"ಕೇಳಿದೆ. ಮೂವರೂ ಏನೂ ಕೇಳಿಸಲಿಲ್ಲ ಅಂದ್ರು. ಕಣ್ಣಿಗೆ ಕಣ್ಣು ಕೊಟ್ಟು ಮಾತಾಡ್ಲಿಲ್ಲ."

"ರೇಡಿಯೊ ಯಾರ ಕೈಯಲ್ಲಿರುತ್ತೆ?"

"ತಂತಿ ಕೈಯಲ್ಲಿ. ಲೀಗಿನ ಮೆಕ್ಯಾನಿಕ್ಕು." ತಮ್ಮ ತಲೆಯೆತ್ತಿ ಮಂಜಿನಲ್ಲಿ ಅರ್ಧ ಮುಳುಗಿದ ಧ್ವನಿವರ್ಧಕದ ಕಂಬ ನೋಡಿದ. "ಇದೂ ಅವನ ಕೈಯಲ್ಲೇ."

ನಗು ಮತ್ತೆ ಮೊದಲಿನಿಂದ ಶುರುವಾಯಿತು.

*

ಆಟಗಾರರು ಮೈದಾನಕ್ಕೆ ಬರುವ ಸುರಂಗದ ಬಾಯಲ್ಲಿ ಕೋಚ್ ಗೋಡೆಗೊರಗಿ ನಿಂತಿದ್ದ. ತಲೆಯ ಮೇಲೆ ಆ ಪ್ರಸಿದ್ಧ ಟೋಪಿ.

"ಸಂಘದ ಮೇಡಂ. ಹುಲ್ಲು ಮೆತ್ತಗಿತ್ತಾ? ಇಲ್ಲಿಂದ ನೋಡ್ತಿದ್ದೆ. ಚೆನ್ನಾಗಿ ಬೀಳ್ತೀರಿ. ನಮ್ಮಲ್ಲಿ ಒಂದು ಜಾಗ ಖಾಲಿ ಇದೆ."

ತೀರ್ಪುಗಾರರ ಸಂಘದ ಪರವಾಗಿ ತನಿಖೆ ಮಾಡುವುದು ಅಕ್ಕನ ಕೆಲಸ. ಹಿಂದೆ ಗೆರೆಯ ಮೇಲೆ ಬಾವುಟ ಹಿಡಿದು ಓಡುತ್ತಿದ್ದಾಗ, ದೊಡ್ಡವರ ಗೋಲಿಗೆ ಅಡ್ಡವಾಗಿ ಎತ್ತಿದ ಬಾವುಟವನ್ನು ಇಳಿಸು ಎಂದರೂ ಇಳಿಸದೆ ಕೆಲಸ ಕಳೆದುಕೊಂಡವಳು. ಆ ದೊಡ್ಡವರ ತಂಡಕ್ಕೂ ಆಗ ಕೋಚ್ ಇವನೇ.

"ಭಾನುವಾರ ಟೋಪಿ ತಿರುಗಿಸಿದ್ರಾ?"

"ಯಾವ ಟೋಪಿ?"

"ತಲೆ ಮೇಲಿರೋದು. ಜನಕ್ಕೆ ಹಾಕೋದರ ಬಗ್ಗೆ ಆಮೇಲೆ ಮಾತಾಡೋಣ."

ಕೋಚ್ ನಗಲಿಲ್ಲ. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಅದಿಲ್ಲದೆ ಅವನ ತಲೆ ಸಣ್ಣದಾಗಿ, ಮುದಿಯಾಗಿ ಕಂಡಿತು.

"ತಿರುಗಿಸಲಿಲ್ಲ. ಅದಕ್ಕೇ ನನಗೆ ಅವತ್ತಿಂದ ಊಟ ಸೇರ್ತಿಲ್ಲ ಮೇಡಂ. ನನ್ನ ಅಪ್ಪಣೆ ಇಲ್ಲದೆ ನನ್ನ ತಂಡದಲ್ಲಿ ಯಾರೂ ಬೀಳಲ್ಲ."

"ಹಾಗಾದ್ರೆ ನಿಜವಾಗಿ ಬಿದ್ದ ಅಂತ ಆ ಗಳಿಗೇಲೇ ಗೊತ್ತಿತ್ತು ನಿಮಗೆ. ಯಾಕೆ ಓಡಿ ಹೋಗಲಿಲ್ಲ?"

ಆ ಪ್ರಶ್ನೆ ಅವನಿಗೆ ಬಿಸಿ ತುಪ್ಪವಾಗಿತ್ತು.

"ಗೋಲು ಹೋಗಿತ್ತು," ಎಂದ ಮೆಲ್ಲಗೆ. "ಕೋಪ ಬಂದಿತ್ತು. ಹೋದ ವಾರ ನನ್ನ ಹತ್ರ ಬಂದು, ಇನ್ಮೇಲೆ ಮಲಗಲ್ಲ ಅಂದಿದ್ದ. ಮಗಳಿಗೆ ಶಾಲೇಲಿ ಹಾಸಿಗೆ ಮಗಳು ಅಂತ ಹಂಗಿಸ್ತಾರಂತೆ. ಎಲ್ಲಾ ಹೇಳಿಬಿಡ್ತೀನಿ ಅಂದ. ಯಾರು ಮಲಗಿಸೋದು, ಯಾವ ಆಟದಲ್ಲಿ, ಯಾರಿಗೋಸ್ಕರ. ಮಲಗಲ್ಲ ಅಂದವನು ಅವತ್ತು ಬೇಕಂತಲೇ ಮಲಗಿ ನನ್ನ ಮಾನ ಕಳೀತಿದಾನೆ ಅಂದ್ಕೊಂಡೆ."

"ಯಾರಿಗೆ ಹೇಳ್ತೀನಿ ಅಂದಿದ್ದ?"

"ಭಾನುವಾರದ ರೆಫರಿಗೆ. ಆಟಕ್ಕೆ ಮುಂಚೆ ಹೋಗಿ ಭೇಟಿ ಆಗ್ತೀನಿ ಅಂದ." ಕೋಚ್ ಟೋಪಿ ಮತ್ತೆ ತಲೆಗೇರಿಸಿಕೊಂಡ. "ಭಾನುವಾರದ ರೆಫರಿ ಯಾರು ಅಂತ ನಾನು ನಿಮಗೆ ಹೇಳಬೇಕಾ?"

ಅಕ್ಕ ಮುಖದ ಗೆರೆ ಕದಲದಂತೆ ನೋಡಿಕೊಂಡಳು. ಬೀಳುವುದನ್ನೇ ಬಂಡವಾಳ ಮಾಡಿಕೊಂಡವನ ಮಾತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರನ್ನು ಅವಳು ಕಂಡಿದ್ದಳು. ತನ್ನ ಹೆಗಲ ಬೂದಿಯನ್ನು ಪಕ್ಕದವನ ಹೆಗಲಿಗೆ ಒರೆಸುವವರನ್ನು ಇನ್ನೂ ಹೆಚ್ಚು ಕಂಡಿದ್ದಳು.

ಆದರೂ ಮೆಟ್ಟಿಲು ಇಳಿಯುವಾಗ ಒಮ್ಮೆ ತಿರುಗಿ ನೋಡಿದಳು. ಮಂಜಿನಲ್ಲಿ ತಮ್ಮ ಇನ್ನೂ ಅದೇ ಜಾಗದಲ್ಲಿ, ಬಿದ್ದವನಿಗೆ ಎದುರಾಗಿ ನಿಂತವನಂತೆ ನಿಂತಿದ್ದ. ಕೀಪರ್ ಬಂದು ಭೇಟಿಯಾದ ಮಾತನ್ನು ಅವನು ಹೇಳಿರಲಿಲ್ಲ.

*

ತಂತಿಯ ಕೋಣೆ ಗ್ಯಾಲರಿಯ ಹೊಟ್ಟೆಯಲ್ಲಿತ್ತು. ಮೇಲೆ ಓರೆಯಾದ ಕಾಂಕ್ರೀಟು, ಕೆಳಗೆ ಹಾವಿನ ಗುಂಪಿನಂತೆ ವೈರುಗಳು, ಬೆಸುಗೆಯ ಸುಟ್ಟ ವಾಸನೆ. ಮೇಲಿನ ನಗು ಇಲ್ಲಿಗೆ ನೀರಿನೊಳಗಿಂದ ಬಂದಂತೆ ಗೊಳಗೊಳ ಕೇಳುತ್ತಿತ್ತು.

ತಂತಿ ಹೆಸರಿಗೆ ತಕ್ಕಂತೆ ಸಣಕಲ. ಸ್ಟೂಲಿನ ಮೇಲೆ ಮುದುಡಿ ಕುಳಿತಿದ್ದ. ಗಡ್ಡ ಬೋಳಿಸಿ ದಿನಗಳಾಗಿದ್ದವು. ಎರಡೂ ಕಿವಿಗೆ ಹತ್ತಿ ತುರುಕಿಕೊಂಡಿದ್ದ.

ಅಕ್ಕ ಅವನ ಭುಜ ಮುಟ್ಟಿದಳು. ಅವನು ಬೆಂಕಿ ತಗುಲಿದವನಂತೆ ಎದ್ದ.

"ಬಾವುಟದಕ್ಕ. ನೀವಾ."

"ಮತ್ತೆ ಯಾರು ಅಂದ್ಕೊಂಡೆ?"

ಅವನು ಹತ್ತಿ ತೆಗೆದು ಜೇಬಿಗೆ ಹಾಕಿಕೊಂಡ.

"ಮೇಲೆ ಆ ನಗು ಯಾಕಯ್ಯ ಹಾಕಿದ್ದೀಯ?"

"ಟೆಸ್ಟಿಂಗು ಅಕ್ಕ."

"ಬರೋ ದಾರೀಲಿ ಹುಲ್ಲು ಕತ್ತರಿಸೋರು ಹೇಳಿದ್ರು, ಸೋಮವಾರದಿಂದ ಮತ್ತೆ ಮತ್ತೆ ಇದೇ ಟೆಸ್ಟಿಂಗು ಅಂತೆ. ಮೈದಾನದಲ್ಲಿ ಒಂದು ಕಾಗೇನೂ ಇಳೀತಿಲ್ಲ."

"ಅದು ನಿಂತ್ರೆ ಇನ್ನೊಂದು ಕೇಳಿಸುತ್ತೆ ಅಕ್ಕ."

"ಯಾವುದು?"

ತಂತಿ ಕಪಾಟಿನ ಕಡೆ ನೋಡಿದ. ರೆಫರಿಗಳ ರೇಡಿಯೊ ಸೆಟ್ಟುಗಳು ಅಲ್ಲಿ ಸಾಲಾಗಿ ಚಾರ್ಜಿಗೆ ನಿಂತಿದ್ದವು. ಒಂದೊಂದರ ಹಣೆಯಲ್ಲೂ ಒಂದು ಹಸಿರು ದೀಪ, ರೆಪ್ಪೆ ಬಡಿಯದ ಕಣ್ಣಿನಂತೆ. ಕೊನೆಯ ಗೂಡು ಖಾಲಿಯಿತ್ತು.

ಅಕ್ಕ ಬಾಗಿಲು ಮುಂದೆ ಮಾಡಿ ಅವನೆದುರಿನ ಪೆಟ್ಟಿಗೆಯ ಮೇಲೆ ಕುಳಿತಳು. "ನೋಡು. ನನ್ನ ತಮ್ಮ ಹೇಳ್ತಾನೆ, ಅವನ ಕಿವೀಲಿ ಸತ್ತ ಮೇಷ್ಟ್ರು ಮಾತಾಡಿದ್ರು ಅಂತ. ನಾಳೆ ವಿಚಾರಣೇಲಿ ಇದನ್ನ ಹೇಳಿದ್ರೆ ಅವನನ್ನ ಹುಚ್ಚಾಸ್ಪತ್ರೆಗೆ ಕಳಿಸ್ತಾರೆ, ಹೇಳದಿದ್ರೆ ಜೈಲಿಗೆ. ಕಿವಿಗೆ ದನಿ ಹೋಗೋ ದಾರಿ ನಿನ್ನ ಈ ಕೋಣೆ ಒಂದೇ. ದೆವ್ವ ನಿನ್ನನ್ನ ಕೇಳಿ ಹೋಯ್ತೋ, ಕೇಳದೆ ಹೋಯ್ತೋ?"

"ಕುತ್ತಿಗೆಗೆ ಬರುತ್ತೆ ಅಕ್ಕ."

"ಬಂದಾಗಿದೆ. ಯಾರ ಕುತ್ತಿಗೆಗೆ ಅನ್ನೋದಷ್ಟೇ ಬಾಕಿ."

ಅವನು ಬೆಸುಗೆಯ ಕಡ್ಡಿಯನ್ನು ಉಗುರಿನಿಂದ ಕೆರೆದ. ತಲೆ ಎತ್ತದೆಯೇ ಹೇಳಿದ.

"ನಾನೇ ಹಾಕಿದ್ದು. ನಿಮ್ಮ ತಮ್ಮನೇ ಕೇಳಿದ್ರು."

"ಏನು?"

"ಮೇಷ್ಟ್ರ ಪಾಠದ ಮುದ್ರಣ ಎಲ್ಲಾ ನನ್ನ ಹತ್ರ ಇತ್ತಲ್ಲ, ಅವರ ಕೋಣೆ ವೈರಿಂಗ್ ನಾನೇ ಮಾಡಿದ್ದು. ಅದನ್ನ ಸೆಟ್ಟೊಳಗೆ ಹಾಕಿಕೊಡು ಅಂದ್ರು. ಅಂಗಿ ತೋಳಿನೊಳಗೆ ಒಂದು ಗುಂಡಿ. ಒತ್ತಿದ್ರೆ ಮೇಷ್ಟ್ರು ಮಾತಾಡ್ತಾರೆ. 'ಕೈ ನೋಡು.' 'ಹತ್ತಿರ ಹೋಗು.' 'ಹೆದರಬೇಡ.' ಅಷ್ಟೇ ಅಕ್ಕ. ಧೈರ್ಯಕ್ಕೆ. ಮೇಷ್ಟ್ರು ಹೋದಾಗಿನಿಂದ ಇದೆ."

ದೆವ್ವ ಕಂಡವನಂತೆ ನಡುಗುತ್ತ ಹೇಳಿದ್ದನಲ್ಲ ತಮ್ಮ, ಆ ದೆವ್ವವನ್ನು ತಾನೇ ಕಿವಿಯಲ್ಲಿ ಸಾಕಿಕೊಂಡಿದ್ದ ಸಂಗತಿಯನ್ನು ಅಕ್ಕನಿಂದಲೂ ಬಚ್ಚಿಟ್ಟಿದ್ದ.

"ನಿಮ್ಮ ತಮ್ಮ ಒಬ್ಬರೇ ಅಲ್ಲ," ತಂತಿ ಅವಸರದಲ್ಲಿ ಹೇಳಿದ. "ಮೇಷ್ಟ್ರ ಹತ್ರ ಕಲಿತವರು ಒಬ್ಬೊಬ್ಬರೇ ಬಂದ್ರು. ಒಬ್ಬರಿಗೆ ಮಾಡಿದ್ದು ಇನ್ನೊಬ್ಬರಿಗೆ ಹೇಳಬೇಡ ಅಂತ ಎಲ್ಲರೂ ಆಣೆ ಹಾಕಿಸ್ಕೊಂಡ್ರು. ಈಗ ಅರ್ಧ ಲೀಗಿನ ಕಿವೀಲಿ ಮೇಷ್ಟ್ರಿದ್ದಾರೆ."

ಅಕ್ಕನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬೇರೆಯೇ ಸಿಟ್ಟು. ಒಂದು ಉಸಿರಿನಲ್ಲಿ ಕೊಟ್ಟ ತೀರ್ಪನ್ನು ರಾತ್ರಿಯಿಡೀ ಟೀವಿಯಲ್ಲಿ ನಿಧಾನಗತಿಯಲ್ಲಿ ತೋರಿಸಿ, ಮೆತ್ತನೆಯ ಸೋಫಾದಲ್ಲಿ ಕುಳಿತವರು ಸಿಪ್ಪೆ ಸುಲಿಯುತ್ತಾರೆ. ನಿಧಾನಕ್ಕೆ ತೋರಿಸಿದರೆ ಯಾರ ಬದುಕು ತಾನೇ ಸರಿ ಕಾಣುತ್ತದೆ? ಆಟಗಾರರಿಗೆ ಬೀಳುವುದನ್ನು ಕಲಿಸುವವರು ಮಾಲೀಕರು, ಬೀಳುವವನಿಗೆ ಅಂಕ, ನಂಬಿದ ರೆಫರಿಗೆ ಛೀಮಾರಿ, ನಂಬದಿದ್ದವನಿಗೆ ಬಾಗಿಲ ಮೇಲೆ ಬರಹ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಬದುಕಿರುವ ಯಾರನ್ನೂ ನಂಬಲಾಗದೆ ಈ ಜನ ಸತ್ತವನ ಮೊರೆ ಹೋಗಿದ್ದರು.

"ಅಂದ್ರೆ ಭಾನುವಾರ ಗಾಬರೀಲಿ ಅವನೇ ಗುಂಡಿ ಒತ್ತಿದ. ಪಾಠದ ಯಾವುದೋ ತುಂಡು ಕೇಳಿಸ್ತು. ಇಷ್ಟೇ ತಾನೇ ಕಥೆ?" ಹೇಳುತ್ತಿದ್ದಂತೆ ಅವಳಿಗೆ ಅರ್ಥವಾಯಿತು. ಇಷ್ಟೇ ಆಗಿದ್ದರೆ ತಮ್ಮ ಉಳಿಯುವುದಿಲ್ಲ.

"ಇಷ್ಟೇ ಆಗಿದ್ರೆ ನಾನು ಕಿವಿಗೆ ಹತ್ತಿ ಯಾಕೆ ಇಡ್ತಿದ್ದೆ?"

ತಂತಿ ಎದ್ದು ಮೇಜಿನ ಕೆಳಗಿಂದ ಕಪ್ಪು ಪೆಟ್ಟಿಗೆಯೊಂದನ್ನು ಎಳೆದ. ರೆಫರಿಯ ಮೈಕು ಆಟ ಮುಗಿಯುವ ತನಕ ತೆರೆದೇ ಇರುತ್ತದೆ, ನಾಲ್ವರ ನಡುವೆ ಓಡಾಡುವ ಪ್ರತಿ ಮಾತೂ ಈ ಪೆಟ್ಟಿಗೆಯಲ್ಲಿ ಕೂರುತ್ತದೆ ಎಂದ. ಸೆಟ್ಟಿನೊಳಗಿನ ಪಾಠ ಮಾತ್ರ ಕೂರುವುದಿಲ್ಲ; ಅದು ಗುಂಡಿ ಒತ್ತಿದವನ ಕಿವಿಯಲ್ಲೇ ಹುಟ್ಟಿ ಅಲ್ಲೇ ಸಾಯುತ್ತದೆ.

"ಆದ್ರೆ ಈ ದನಿ ಪೆಟ್ಟಿಗೇಲಿದೆ," ಎಂದ. "ಇದು ಗಾಳೀಲಿ ಬಂದಿದೆ ಅಕ್ಕ. ಯಾವುದೋ ಸೆಟ್ಟಿಂದ, ಈ ಮೈದಾನದ ಒಳಗಿಂದ."

"ಹಾಗಾದ್ರೆ ನಾಲ್ವರಿಗೂ ಕೇಳಿಸಿರಬೇಕು."

"ಕೇಳಿಸಿದೆ. ಒಬ್ಬೊಬ್ಬರೂ ತಮ್ಮ ಸೆಟ್ಟೇ ತಾನಾಗಿ ಮಾತಾಡ್ತು ಅಂದ್ಕೊಂಡಿರ್ತಾರೆ. ಬಾಯಿ ಬಿಟ್ರೆ ತಮ್ಮ ಗುಟ್ಟೂ ಹೊರಗೆ ಬೀಳುತ್ತಲ್ಲ."

ಯಾರು ಹೆಣೆದಿದ್ದರೋ, ಬಲೆಯನ್ನು ಚೆನ್ನಾಗಿ ಹೆಣೆದಿದ್ದರು. ನಾಲ್ವರಿಗೂ ಕೇಳುವಂತೆ ಕೂಗಿ ಹೇಳಿದರೂ ನಾಲ್ವರೂ ಬಾಯಿ ಮುಚ್ಚಿಕೊಂಡಿರುವಂಥ ದನಿ ಲೋಕದಲ್ಲಿ ಅದೊಂದೇ.

"ಆ ಖಾಲಿ ಗೂಡು?"

"ಹೆಚ್ಚುವರಿ ಸೆಟ್ಟು. ಭಾನುವಾರ ಬೆಳಿಗ್ಗೆ ಇತ್ತು, ಆಟ ಮುಗಿದ ಮೇಲೆ ಇರಲಿಲ್ಲ. ಈ ಕೋಣೆಗೆ ಎರಡೇ ಬೀಗದ ಕೈ. ಒಂದು ನನ್ನ ಸೊಂಟದಲ್ಲಿ."

"ಇನ್ನೊಂದು?"

"ರೆಫರಿಗಳ ಕೋಣೇಲಿ, ಕನ್ನಡಿ ಹಿಂದೆ."

ಅವನು ಅವಳ ಮುಖ ನೋಡಲಾರದೆ ಹೆಡ್‌ಫೋನ್ ಮುಂದೆ ಚಾಚಿದ. ನಂತರ ಗೋಡೆಯ ಒಂದು ಸ್ವಿಚ್ ಒತ್ತಿದ. ಮೇಲಿನ ನಗು ನಿಂತಿತು. ಮೈದಾನ ಒಮ್ಮೆಲೇ ಎಷ್ಟು ನಿಶ್ಶಬ್ದವಾಯಿತೆಂದರೆ ಹಸಿರು ದೀಪಗಳು ಸಣ್ಣಗೆ ಗುಂಯ್‌ಗುಡುವುದೂ ಕೇಳಿಸಿತು.

ಅಕ್ಕ ಹೆಡ್‌ಫೋನ್ ಕಿವಿಗೆ ಏರಿಸಿದಳು.

ಮೊದಲು ಉಸಿರು. ಅದು ತಮ್ಮನದು. ಓಡಿ ನಿಂತವನ ಉಸಿರು. ಬೂಟಿನಡಿ ಹುಲ್ಲಿನ ಸದ್ದು. ಆಮೇಲೆ ಅವನ ಗದರಿಕೆ: "ಕೈ ತೆಗೀರಿ. ಅಂಗಿ ಬಿಡ್ರಿ. ಕಾರ್ನರ್ ಹೊಡೆಯೋ ತನಕ ಯಾರೂ ಯಾರನ್ನೂ ಮುಟ್ಟಬಾರದು." ಆಟಗಾರರ ಗೊಣಗಾಟ. ಜನರ ಕೂಗು ದೂರದಲ್ಲಿ.

ಯಾರೋ ಗಂಟಲು ಸರಿಮಾಡಿಕೊಂಡರು.

ಆ ಕೆಮ್ಮನ್ನು ಅವಳು ಸಾವಿರ ಸಲ ಕೇಳಿದ್ದಳು, ಕಪ್ಪು ಬಟ್ಟೆಯ ಕೋಣೆಯಲ್ಲಿ.

"ಕೀಪರ್ ಬೀಳ್ತಾನೆ," ಎಂದರು ಮೇಷ್ಟ್ರು, ಎಂದಿನ ಶಾಂತ ದನಿಯಲ್ಲಿ, ಕಿವಿಗೆ ಬಾಯಿ ಇಟ್ಟಂತೆ. "ಏಳಲ್ಲ. ಆಟ ನಡೀಲಿ."

ಅಕ್ಕನ ಬಲಗೈ ತೊಡೆಯ ಮೇಲಿಂದ ತಾನಾಗಿ ಎದ್ದು ಗಾಳಿಯಲ್ಲಿ ನಿಂತಿತು. ಎಡಗೈಯಿಂದ ಹಿಡಿದು ಇಳಿಸಬೇಕಾಯಿತು.

ಸ್ವಲ್ಪ ಹೊತ್ತು ಬರೀ ಕರಕರ. ಆಮೇಲೆ ಸೀಟಿ. ಚೆಂಡಿಗೆ ಒದ್ದ ಸದ್ದು. ಮೈಗೆ ಮೈ ತಾಗಿದ ಗಡಿಬಿಡಿ. ಅದರೊಳಗೆ, ಒದ್ದೆ ಮೂಟೆ ಇಳಿಸಿದಂತೆ, ಒಂದು ಮಂದ ಪೆಟ್ಟು. ಗೋಲಿನ ಅಬ್ಬರ. ನಗು.

"ಪಾಠದಲ್ಲಿ ಈ ಮಾತು ಎಲ್ಲೂ ಇಲ್ಲ," ತಂತಿ ಪಿಸುಗುಟ್ಟಿದ. "ಎಲ್ಲಾ ಮತ್ತೆ ಕೇಳಿ ನೋಡಿದೆ. ಕೀಪರ್ ಅನ್ನೋ ಶಬ್ದಾನೇ ಇಲ್ಲ."

"ಇನ್ನೊಂದ್ಸಲ ಹಾಕು."

ಅವನು ಹಾಕಿದ. ಈ ಸಲ ಅಕ್ಕ ಕಣ್ಣು ಮುಚ್ಚಿ ಕೇಳಿದಳು. ದನಿ. ಸೀಟಿ. ಒದೆತ. ಪೆಟ್ಟು. ಆ ಸೀಟಿ ಯಾವುದೆಂದು ಯಾರೂ ಅವಳಿಗೆ ಹೇಳಬೇಕಾಗಿರಲಿಲ್ಲ. ಕಾರ್ನರ್ ಒದೆಯಲು ರೆಫರಿ ಕೊಡುವ ಅಪ್ಪಣೆ ಅದು. ಚೆಂಡು ಇನ್ನೂ ಮೂಲೆಯಲ್ಲಿತ್ತು. ಕೀಪರ್ ಇನ್ನೂ ಕಾಲ ಮೇಲೆ ನಿಂತಿದ್ದ. ಅವನು ಬಿದ್ದಮೇಲೆ ಬಂದ ದನಿಯಲ್ಲ ಅದು. ಅವನು ಬೀಳುತ್ತಾನೆ, ಏಳುವುದಿಲ್ಲ ಎಂದು ಬಲ್ಲ ದನಿ.

ಬಿದ್ದಮೇಲೆ ಕೇಳಿತು ಎಂದಿದ್ದ ತಮ್ಮ.

ಗಾಬರಿಯಲ್ಲಿ ಹಿಂದಿನದು ಮುಂದಾಗುತ್ತದೆ, ಮುಂದಿನದು ಹಿಂದಾಗುತ್ತದೆ. ಎಷ್ಟು ಸಾಕ್ಷಿಗಳಲ್ಲಿ ಕಂಡಿಲ್ಲ. ಅಕ್ಕ ಹಾಗೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಈ ಪೆಟ್ಟಿಗೆಯೊಂದು ಸಾಕು. ಯಾರೋ ಮೊದಲೇ ಎಲ್ಲ ಬಲ್ಲವರಿದ್ದರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ತಮ್ಮನ ಬಾಗಿಲ ಮೇಲಿನ ಬರಹ ಅಳಿಸಲು ಇಷ್ಟು ಸಾಕು.

"ಇದನ್ನ ನಾಳೆ ವಿಚಾರಣೆಗೆ ತಗೊಂಡು ಹೋಗ್ತೀನಿ. ನೀನೂ ಬಾ."

ತಂತಿ ಅಲುಗಲಿಲ್ಲ. ಅವನ ಬೆರಳು ಪೆಟ್ಟಿಗೆಯ ಮೇಲಿನ ಒಂದು ತಿರುಪಿನ ಮೇಲೆ ಕುಳಿತಿತ್ತು.

"ತಗೊಂಡು ಹೋಗಬೇಡಿ ಅಕ್ಕ."

"ಯಾಕೆ?"

"ಮಧ್ಯೆ ಬರೀ ಕರಕರ ಇತ್ತಲ್ಲ, ದನಿ ಆದ್ಮೇಲೆ, ಸೀಟಿಗೆ ಮುಂಚೆ. ಅಲ್ಲಿ ನಾನು ಸದ್ದು ತಗ್ಗಿಸಿದ್ದೆ. ನೀವು ಅಂತ ತಗ್ಗಿಸಿದೆ."

"ಏರಿಸು."

"ಬೇಡ ಅಕ್ಕ."

"ಏರಿಸಯ್ಯ."

ಅವನು ತಿರುಪು ತಿರುಗಿಸಿ ಮುಖ ಗೋಡೆಯ ಕಡೆ ಮಾಡಿದ. ಮತ್ತೆ ಉಸಿರು, ಗದರಿಕೆ, ಕೆಮ್ಮು. "ಕೀಪರ್ ಬೀಳ್ತಾನೆ. ಏಳಲ್ಲ. ಆಟ ನಡೀಲಿ."

ಆಮೇಲೆ, ಕರಕರದ ಕೆಳಗಿಂದ, ಮೈಕಿಗೆ ತೀರಾ ಹತ್ತಿರದಲ್ಲಿ, ಚಿಕ್ಕಂದಿನಿಂದ ಅವಳು ಮಾತು ಕಲಿಸಿದ ಬಾಯಿ ಮಾತಾಡಿತು. ಗಾಬರಿಯಿಲ್ಲ, ಆಶ್ಚರ್ಯವಿಲ್ಲ. ಕಾಯುತ್ತಿದ್ದ ಮಾತು ಬಂತು ಎಂಬಂತೆ.

"ಹೂಂ, ಮೇಷ್ಟ್ರೇ. ಬೆಳಿಗ್ಗೆ ಹೇಳಿದಿರಲ್ಲ, ನೆನಪಿದೆ."

ಸೀಟಿ ಕೂಗಿತು.

ಅಕ್ಕ ಹೆಡ್‌ಫೋನ್ ತೆಗೆದಳು. ಹೊರಗೆ ಕಾಂಕ್ರೀಟಿನ ಮೆಟ್ಟಿಲುಗಳ ಮೇಲೆ ಬೂಟಿನ ಸದ್ದು ಇಳಿದು ಬಂದು ಬಾಗಿಲ ಬಳಿ ನಿಂತಿತು. ಮೆಲ್ಲಗೆ ತಟ್ಟಿದ ಸದ್ದು.

"ಅಕ್ಕ," ಎಂದಿತು ಅದೇ ದನಿ. "ಏನಾದ್ರೂ ಸಿಕ್ತಾ?"